ವೈಫೈಗೂ ಒಂದು ಹೊಸ್ತಿಲು ಬೇಡವೇ?



ಕಳೆದ ಸಂಚಿಕೆಯಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದು ಹೇಗೆಂದು ಬರೆದಿದ್ದೆ. ಈ ಸಲ ಉಪ್ಪಿನ ಮಾತಿಲ್ಲ, ಖಾರದ ಮಾತೂ ಇಲ್ಲ. ನಿಮ್ಮ ನಡುಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ ಎರಡು ಕೊಂಬು ಚಾಚಿಕೊಂಡು, ಹಸಿರು ದೀಪ ಮಿಟುಕಿಸುತ್ತ ಕೂತಿದೆಯಲ್ಲ, ಆ ಇಂಟರ್‌ನೆಟ್ ಪೆಟ್ಟಿಗೆಯ ಮಾತು. "ಅಯ್ಯೋ, ಅದನ್ನೆಲ್ಲ ನಮ್ಮನೆಯವರು ನೋಡ್ಕೋತಾರೆ" ಅಂತ ಪುಟ ತಿರುಗಿಸಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳು. ನಮ್ಮನೆಯವರು ನಾನು ನೋಡ್ಕೋತೀನಿ ಅಂದುಕೊಂಡಿದ್ದರು. ಹೀಗೆ ಇಬ್ಬರೂ ನೋಡಿಕೊಳ್ಳದೆ ಬಿಟ್ಟಿದ್ದರಿಂದ ಆದದ್ದೇನು ಅಂತ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ನಮ್ಮ ಅತ್ತೆಗೆ ವಯಸ್ಸಾಯಿತು. ಹೋದ ವರ್ಷ ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ನಮ್ಮ ಪುಣ್ಯ. ಆದರೆ ನಾನು ಸಂತೆಗೋ ಬ್ಯಾಂಕಿಗೋ ಹೋದರೆ ಮನೆಯಲ್ಲಿ ಅವರೊಬ್ಬರೇ. ಅದಕ್ಕೇ ಅವರ ಮಂಚದ ಎದುರಿಗೆ ಒಂದು ಪುಟ್ಟ ಕ್ಯಾಮೆರಾ ಇಡಿಸಿದೆವು. ಮೊಬೈಲಿನಲ್ಲೇ ನೋಡಬಹುದು, ಅತ್ತ ಇತ್ತ ತಿರುಗಿಸಲೂಬಹುದು. ನನಗೆ ಎಷ್ಟು ನೆಮ್ಮದಿ ಅಂತೀರಿ!

ಎರಡು ತಿಂಗಳಾದ ಮೇಲೆ ಅತ್ತೆ ಒಂದು ಬೆಳಿಗ್ಗೆ ಹೇಳಿದರು, "ಅದು ರಾತ್ರಿ ತನ್ನಷ್ಟಕ್ಕೆ ತಿರುಗ್ತು ಕಣೇ ಮಾರಾಯ್ತಿ. ನನ್ನನ್ನೇ ನೋಡ್ತಿತ್ತು." ಕನಸು ಬಿದ್ದಿರಬೇಕು ಅಂದೆ. ಇನ್ನೊಂದು ದಿನ ನೋಡುತ್ತೇನೆ, ಕ್ಯಾಮೆರಾದ ಮೇಲೆ ಅವರ ಟವೆಲು. ತೆಗೆದೆ. ಮಾರನೆ ದಿನ ಮತ್ತೆ ಟವೆಲು. "ಬಿದ್ದರೆ ಗೊತ್ತಾಗೋದು ಹೇಗೆ ಅತ್ತೆ?" ಅಂತ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. ಆಮೇಲೆ ನನಗೆ ಗೊತ್ತಾಯಿತು, ಅವರು ಸೀರೆ ಉಡಲು ಉಗ್ರಾಣದ ಕತ್ತಲೆಗೆ ಹೋಗುತ್ತಿದ್ದರು. ಜಾರಿ ಬೀಳುವ ಭಯ ಇರುವ ಮುದುಕಿ, ದೀಪವಿಲ್ಲದ ಕೋಣೆಯಲ್ಲಿ ಗೋಡೆ ಹಿಡಿದುಕೊಂಡು ಸೀರೆ ಉಡುತ್ತಿದ್ದರು!

ದೀಪಾವಳಿಗೆ ಬೆಂಗಳೂರಿನಿಂದ ನಮ್ಮ ಅಕ್ಕನ ಮಗ ಬಂದ. ಅವನ ಕೆಲಸವೇ ಕಂಪ್ಯೂಟರಿನದು. ಅಜ್ಜಿಯ ದೂರನ್ನು ಅವನೊಬ್ಬ ನಗದೆ ಕೇಳಿದ. ಪೆಟ್ಟಿಗೆಯ ಒಳಪುಟ ತೆಗೆದು, "ಚಿಕ್ಕಮ್ಮ, ನಿಮ್ಮನೇಲಿ ವೈಫೈ ಹಿಡಿದಿರೋ ಸಾಮಾನು ಎಷ್ಟು?" ಅಂದ. ಲೆಕ್ಕ ಹಾಕಿದೆ. ಫೋನು ಮೂರು, ಟಿವಿ ಒಂದು, ಮಗಳ ಲ್ಯಾಪ್‌ಟಾಪ್, ಕ್ಯಾಮೆರಾ, ಒಟ್ಟು ಆರು. "ಇಲ್ಲಿ ಹತ್ತೊಂಬತ್ತು ಇದೆ" ಅಂದ.

ಉಳಿದ ಹದಿಮೂರು ಎಲ್ಲಿಂದ ಬಂತು? ಯೋಚಿಸಿದರೆ ಎಲ್ಲ ನಾನೇ ಕೊಟ್ಟದ್ದು. ಮಹಡಿ ಮೇಲಿನ ಬಾಡಿಗೆಯವರಿಗೆ ಒಮ್ಮೆ ಕರೆಂಟ್ ಬಿಲ್ ಕಟ್ಟಲು ಕೊಟ್ಟೆ. ಮಗಳ ಹತ್ತಿರ ಪಾಠಕ್ಕೆ ಬರುವ ಮಕ್ಕಳಿಗೆ, ಎದುರುಮನೆಯವರಿಗೆ, ನೆಂಟರಿಗೆ, ಬಣ್ಣ ಬಳಿಯಲು ಬಂದ ಹುಡುಗನಿಗೂ ಕೊಟ್ಟೆ. ಕೊಡದಿದ್ದರೆ ಏನಂದುಕೊಂಡಾರು ಎಂಬ ಸಂಕೋಚ. ನೀರು ಕೇಳಿದರೆ ಇಲ್ಲ ಅನ್ನುವುದುಂಟೇ ಎಂಬ ಹಾಗೆ. ಕ್ಯಾಮೆರಾಕ್ಕೋ, ಅಂಗಡಿಯಿಂದ ಬರುವಾಗ ಇದ್ದ ಪಾಸ್‌ವರ್ಡೇ ಇತ್ತು. ಹೆಸರೂ ಅಡ್ಮಿನ್, ಗುಟ್ಟೂ ಅಡ್ಮಿನ್.

ಯಾರ ಯಾರ ಫೋನು ಅಂತ ಮಹಡಿಯವರನ್ನು ವಿಚಾರಿಸಲು ಹೋದೆ. ನಾನು ಕೇಳುವ ಮೊದಲೇ ಅವರ ಹೈಸ್ಕೂಲು ಹುಡುಗ ಮುಖ ಕೆಳಗೆ ಹಾಕಿ, "ಆಂಟಿ, ಕ್ಯಾಮೆರಾ ತಿರುಗಿಸಿದ್ದು ನಾನೇ" ಅಂದ. ಯಾವುದೋ ಆ್ಯಪ್ ಹಾಕಿಕೊಂಡು ವೈಫೈಯಲ್ಲಿ ಏನೇನಿದೆ ಅಂತ ಹುಡುಕಿದ್ದಾನೆ, ಕ್ಯಾಮೆರಾ ಸಿಕ್ಕಿದೆ, ಬಾಗಿಲು ತೆರೆದೇ ಇತ್ತು. ತಮಾಷೆಗೆ ಎರಡು ರಾತ್ರಿ ತಿರುಗಿಸಿದೆ, ಆಮೇಲೆ ಹೆದರಿ ಬಿಟ್ಟೆ ಅಂದ. ಅವನ ತಾಯಿಯ ಮುಖ ನೋಡಲಾಗಲಿಲ್ಲ ನನಗೆ. ಆ ಹುಡುಗನನ್ನು ಬಯ್ಯಲು ಬಾಯಿ ಬಂದರೂ, ತಪ್ಪಿನ ಅರ್ಧ ಪಾಲು ನಮ್ಮದೇ ಅಲ್ಲವೇ?

ಅತ್ತೆಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. "ನನ್ನ ಮಾತು ಯಾರು ನಂಬ್ತಾರೆ ಬಿಡು" ಅಂದರು ಅಷ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇನ್ನು ವಿಷಯಕ್ಕೆ ಬರೋಣ. ಫೈರ್‌ವಾಲ್ ಅನ್ನುವ ಮಾತು ಕೇಳಿರುತ್ತೀರಿ. ಕಟ್ಟಡಗಳ ಸಾಲಿನಲ್ಲಿ ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗಟ್ಟಿ ಗೋಡೆಯ ಹೆಸರು ಅದು. ಕಂಪ್ಯೂಟರಿನವರು ಅದನ್ನು ಎರವಲು ಪಡೆದರು. ನಮ್ಮ ಲೆಕ್ಕದಲ್ಲಿ ಅದು ಗೋಡೆಗಿಂತ ಹೆಚ್ಚಾಗಿ ಹೊಸ್ತಿಲಲ್ಲಿ ಕೂತ ಯಜಮಾನಿ. ನೀವು ಒಳಗಿನಿಂದ ತರಕಾರಿಯವನನ್ನು ಕೂಗಿ ಕರೆದರೆ ಒಳಗೆ ಬಿಡುತ್ತಾಳೆ. ಯಾರೂ ಕರೆಯದೆ ಬಂದು ಕದ ತಟ್ಟಿದವನನ್ನು ಹಾಗೇ ಹಿಂದಕ್ಕೆ ಕಳಿಸುತ್ತಾಳೆ. ನಿಮ್ಮ ವೈಫೈ ಪೆಟ್ಟಿಗೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಬೀದಿಯಿಂದ ಬರುವವರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ತೊಂದರೆ ಎಲ್ಲೆಂದರೆ, ಪಾಸ್‌ವರ್ಡ್ ಕೊಟ್ಟು ನೀವೇ ಒಳಗೆ ಕರೆದವರ ಮುಂದೆ ಅದು ಸುಮ್ಮನಿರುತ್ತದೆ. ಒಮ್ಮೆ ಒಳಗೆ ಬಂದವರಿಗೆ ಎಲ್ಲ ಕೋಣೆಯೂ ತೆರೆದಂತೆ.

ನಮ್ಮ ಸಾಗರದ ಕಡೆಯ ಹಳೇ ಮನೆಗಳನ್ನು ನೆನೆಸಿಕೊಳ್ಳಿ. ಬಂದವರಿಗೆಲ್ಲ ಜಗಲಿ ಇತ್ತು. ಕೂರಬಹುದು, ಬೆಲ್ಲ ನೀರು ಕುಡಿಯಬಹುದು, ರಾತ್ರಿ ಮಲಗಲೂಬಹುದು. ಹಾಗಂತ ಅವರು ನಡುಮನೆ ದಾಟಿ ಅಡುಗೆಮನೆಗೆ ಬರುತ್ತಿರಲಿಲ್ಲ, ಅದರಿಂದ ಯಾರಿಗೂ ಅವಮಾನವೂ ಆಗುತ್ತಿರಲಿಲ್ಲ. ವೈಫೈಗೂ ಜಗಲಿ ಬೇರೆ, ನಡುಮನೆ ಬೇರೆ ಮಾಡಬೇಕು. ಇಷ್ಟೇ ಸಂಗತಿ.

ಕೆಲವು ಪೆಟ್ಟಿಗೆಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಅಂತ ಒಂದು ಸೌಲಭ್ಯ ಇರುತ್ತದೆ. ಇದ್ದರೆ ಬಹಳ ಒಳ್ಳೆಯದು, ಅದನ್ನು ಚಾಲೂ ಮಾಡಿ ಬೇರೆ ಪಾಸ್‌ವರ್ಡ್ ಹಾಕಿದರೆ ಒಂದು ಕಾಸೂ ಖರ್ಚಿಲ್ಲದೆ ಜಗಲಿ ಸಿದ್ಧ. ನಮ್ಮದರಲ್ಲಿ ಆ ಭಾಗಕ್ಕೆ ಸಂಪರ್ಕ ಕೊಟ್ಟವರೇ ಬೀಗ ಹಾಕಿದ್ದರು.

ಆಗ ನಮ್ಮ ಹುಡುಗ ಒಂದು ದೊಡ್ಡ ಯೋಜನೆ ಹೇಳಿದ. ಅವರ ಆಫೀಸಿನಲ್ಲಿ ಎಸೆಯುವ ಹಳೇ ಕಂಪ್ಯೂಟರ್ ತರುತ್ತಾನಂತೆ. ಅದಕ್ಕೆ ತಂತಿ ಸಿಕ್ಕಿಸುವ ಎರಡು ಕಿಂಡಿ ಇರಬೇಕು, ಒಂದು ಹೊರಗಿನದು, ಒಂದು ಒಳಗಿನದು. ಓಪಿಎನ್‌ಸೆನ್ಸ್ ಅಂತ ಪುಕ್ಕಟೆ ಸಿಗುವ ತಂತ್ರಾಂಶ ಇದೆ, 2015ರಲ್ಲಿ ಪಿಎಫ್‌ಸೆನ್ಸ್ ಎಂಬ ಇನ್ನೊಂದರಿಂದ ಕವಲೊಡೆದು ಬಂದದ್ದು. ಅದನ್ನು ಹಾಕಿದರೆ ಆ ಕಂಪ್ಯೂಟರೇ ಮನೆಯ ಫೈರ್‌ವಾಲ್. ನಾವು ದುಡ್ಡು ಕೊಟ್ಟು ವೈಫೈ ರೂಟರ್ ಇಟ್ಟುಕೊಂಡಿದ್ದರೆ ಅದನ್ನು ಎಸೆಯಬೇಕಿಲ್ಲ. 'ಆ್ಯಕ್ಸೆಸ್ ಪಾಯಿಂಟ್' ಎಂಬ ಸ್ಥಿತಿಗೆ ಹಾಕಿದರೆ ಅದು ಬರೀ ಗಾಳಿಯಲ್ಲಿ ಹಂಚುವ ಕೆಲಸ ಮಾಡಿಕೊಂಡಿರುತ್ತದೆ, ಯಜಮಾನಿಕೆ ಕಂಪ್ಯೂಟರಿನದು.

ಕೇಳಲು ಚೆನ್ನಾಗಿತ್ತು. ನಾನು ಗೃಹಿಣಿಯ ಲೆಕ್ಕ ಹಾಕಿದೆ. "ಅದು ಎಷ್ಟು ವ್ಯಾಟ್ ಎಳೆಯುತ್ತೆ ಹೇಳು?" ಹಳೇದಾದರೆ ಐವತ್ತೈದು ಅಂತ ಇಟ್ಟುಕೊಳ್ಳಿ ಅಂದ. ಇಪ್ಪತ್ನಾಲ್ಕು ಗಂಟೆಯೂ ಉರಿಯಬೇಕು. ದಿನಕ್ಕೆ ಸುಮಾರು 1.3 ಯೂನಿಟ್, ತಿಂಗಳಿಗೆ 40 ಯೂನಿಟ್! ಗೃಹಜ್ಯೋತಿಯ ಲೆಕ್ಕದೊಳಗೆ ಕಷ್ಟಪಟ್ಟು ನಿಂತಿರುವ ನಮ್ಮಂಥವರಿಗೆ ಇದು ಸಣ್ಣ ಮಾತೇ? ಹತ್ತು ವ್ಯಾಟಿನ ಪುಟ್ಟ ಯಂತ್ರಗಳೂ ಬರುತ್ತವೆ, ಅದಾದರೆ ತಿಂಗಳಿಗೆ ಏಳು ಯೂನಿಟ್ ಅಷ್ಟೆ, ಆದರೆ ಕೊಳ್ಳುವ ಬೆಲೆ ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ನೀನು ಬೆಂಗಳೂರಲ್ಲಿರ್ತೀ, ಅದು ನಿಂತರೆ ನಾನು ಯಾರನ್ನು ಕೇಳಲಿ ಅಂದೆ. ಹುಡುಗ ತಲೆ ಕೆರೆದುಕೊಂಡ. ಮನೆಯಲ್ಲೇ ಇದರ ಹುಚ್ಚಿರುವ ಮಗನೋ ಮಗಳೋ ಇದ್ದರೆ ನೀವು ಧಾರಾಳವಾಗಿ ಆ ದಾರಿ ಹಿಡಿಯಿರಿ. ನಮಗೆ ಬೇಡವೆನಿಸಿತು.

ಕೊನೆಗೆ ಮಾಡಿದ್ದು ಇದು. ಹಳೇ ಪೆಟ್ಟಿಗೆ ಇದ್ದಲ್ಲೇ ಇರಲಿ, ಅದೇ ಜಗಲಿ. ಅದರ ಹಿಂದೆ ಒಂದು ಸಾಧಾರಣ ರೂಟರ್ ತಂದು ಹಾಕಿದೆವು, ಒಂದೂವರೆ ಸಾವಿರದ ಆಸುಪಾಸು. ಅದು ನಡುಮನೆ. ಹೊಸ ರೂಟರಿನ ಬೆನ್ನಿಗೆ ನಾಲ್ಕೈದು ಕಿಂಡಿ ಇರುತ್ತವೆ. ಒಂದು ಮಾತ್ರ ಬೇರೆ ಬಣ್ಣದ್ದು, 'ವ್ಯಾನ್' ಅಂತಲೋ 'ಇಂಟರ್‌ನೆಟ್' ಅಂತಲೋ ಬರೆದಿರುತ್ತದೆ. ಜೊತೆಗೆ ಬಂದ ತಂತಿಯ ಒಂದು ತುದಿ ಈ ಕಿಂಡಿಗೆ, ಇನ್ನೊಂದು ತುದಿ ಹಳೇ ಪೆಟ್ಟಿಗೆಯ 'ಲ್ಯಾನ್' ಎಂದಿರುವ ಕಿಂಡಿಗೆ. ಇದನ್ನು ಅದಲುಬದಲು ಮಾಡಿದರೆ ನಡುಮನೆಗೆ ಗೋಡೆಯೇ ಇರುವುದಿಲ್ಲ, ಜೋಕೆ. ಹಳೇ ಪೆಟ್ಟಿಗೆಗೆ ಬರುವ ತೆಳುವಾದ ಫೈಬರ್ ತಂತಿಯನ್ನು ಮಾತ್ರ ಮುಟ್ಟಬೇಡಿ, ಮಡಚಿದರೆ ಒಳಗಿನ ಗಾಜಿನ ಎಳೆ ಮುರಿಯುತ್ತದೆ.

ಹೊಸ ರೂಟರಿನ ವೈಫೈಗೆ ನಿಮ್ಮ ಫೋನು ಜೋಡಿಸಿ, ಅದರ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿನ ವಿಳಾಸವನ್ನು ಕ್ರೋಮಿನಲ್ಲಿ ಬರೆದರೆ ಅದರ ಪುಟ ತೆರೆಯುತ್ತದೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂಬಂತಿರುತ್ತದೆ. ಇಂಟರ್‌ನೆಟ್ ಯಾವ ರೀತಿಯದು ಅಂತ ಕೇಳಿದಾಗ 'ಡೈನಮಿಕ್ ಐಪಿ' ಅಂತ ಆರಿಸಿ. ಇಲ್ಲೊಂದು ತೊಡಕು ಬರುತ್ತದೆ. ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ ಎರಡರ ವಿಳಾಸವೂ ಒಂದೇ ಆಗಿದ್ದರೆ ಏನೂ ನಡೆಯುವುದಿಲ್ಲ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರಿದ್ದರೆ ಪೋಸ್ಟಿನವನು ಏನು ಮಾಡಿಯಾನು? ಹೊಸದರ ವಿಳಾಸವನ್ನು 192.168.50.1 ಅಂತ ಬದಲಾಯಿಸಿಕೊಳ್ಳಿ. ಕೆಲವು ರೂಟರ್‌ಗಳು ತಾವೇ ಇದನ್ನು ತಿಳಿದು ಬದಲಾಯಿಸಿಕೊಳ್ಳುತ್ತವೆ. ನಮ್ಮದು ಹಾಗೆ ಮಾಡಲಿಲ್ಲ, ಅರ್ಧ ದಿನ ಹೋಯಿತು, ಒಲೆಯ ಮೇಲಿನ ಹಾಲೂ ಉಕ್ಕಿತು.

ಒಂದು ವಿಷಯದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ವೈಫೈ ಪಾಸ್‌ವರ್ಡ್ ಬೇರೆ, ಪೆಟ್ಟಿಗೆಯ ಪಾಸ್‌ವರ್ಡ್ ಬೇರೆ. ಮೊದಲನೆಯದು ಮನೆಯ ಬೀಗದ ಕೈ. ಎರಡನೆಯದು ಬೀಗವನ್ನೇ ಬದಲಾಯಿಸುವ ಅಧಿಕಾರ. ಎರಡೂ ಪೆಟ್ಟಿಗೆಗಳಲ್ಲಿ ಎರಡನ್ನೂ ಬದಲಾಯಿಸಿ. ಕ್ಯಾಮೆರಾಕ್ಕೂ ಸ್ವಂತ ಪಾಸ್‌ವರ್ಡ್ ಇರುತ್ತದೆ, ಅದನ್ನೂ. ಇದೇನು ಅಂಜುಬುರುಕಿಯ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ಪೀಡೆ ಜಗತ್ತಿನ ತುಂಬ ಮನೆಮನೆಯ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿತು. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯಲ್ಲಿ ಹಾಕಿ ಕಳಿಸುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್‌ಗಳ ಒಂದು ಪಟ್ಟಿ, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಹೀಗೆ ಹಿಡಿದಿಟ್ಟ ಸಾಮಾನುಗಳನ್ನೆಲ್ಲ ಒಟ್ಟಿಗೆ ಛೂ ಬಿಟ್ಟು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಎಷ್ಟೋ ಹೊತ್ತು ಸಿಗದ ಹಾಗೆ ಮಾಡಿದರು. ಯಾರದೋ ಮನೆಯ ಕ್ಯಾಮೆರಾ, ಯಾರಿಗೋ ಏಟು.

ಪಾಸ್‌ವರ್ಡ್ ಹೇಗಿರಬೇಕು? ಮಕ್ಕಳ ಹೆಸರು, ಮದುವೆ ತಾರೀಖು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಒನಕೆ, ಸೌತೆ, ಕಾಮನಬಿಲ್ಲು, ಬೀಗಿತ್ತಿ, ಹೀಗೆ. (ಇದನ್ನೇ ಹಾಕಬೇಡಿ, ಇಡೀ ಊರು ಈ ಪತ್ರಿಕೆ ಓದುತ್ತದೆ.) ಮರೆತುಹೋಗುವ ಭಯವಿದ್ದರೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಬೀರುವಿಗೆ ಕೈಹಾಕುವ ಕಳ್ಳನಿಗೆ ಬೇಕಾದ್ದು ವೈಫೈ ಅಲ್ಲ.

ಅದೇ ಪುಟಗಳಲ್ಲಿ ಇನ್ನೂ ಕೆಲವು ಗುಂಡಿಗಳಿವೆ. ಗುಟ್ಟಿನ ರೀತಿ ಕೇಳುವಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. 'ಡಬ್ಲ್ಯುಪಿಎಸ್' ಅಂತ ಇದ್ದರೆ ಆರಿಸಿಬಿಡಿ. ಎಂಟಂಕಿಯ ಪಿನ್ ಹೊಡೆದು ವೈಫೈ ಸೇರುವ ಅಡ್ಡದಾರಿ ಅದು. ಎಂಟಂಕಿಯೆಂದರೆ ಕೋಟಿಗಟ್ಟಲೆ ಸಾಧ್ಯತೆ ಅಂತ ಅನ್ನಿಸುತ್ತದಲ್ಲವೇ? ಪೆಟ್ಟಿಗೆ ಅದನ್ನು ಅರ್ಧ ಅರ್ಧವಾಗಿ ಪರೀಕ್ಷಿಸುವುದರಿಂದ ಹನ್ನೊಂದು ಸಾವಿರ ಸಲ ಪ್ರಯತ್ನಿಸಿದರೆ ಸಾಕು, ಸಿಕ್ಕೇ ಸಿಗುತ್ತದೆ ಅಂತ 2011ರಲ್ಲೇ ಬಯಲಾಗಿದೆ. 'ರಿಮೋಟ್ ಮ್ಯಾನೇಜ್‌ಮೆಂಟ್' ಕೂಡ ಬೇಡ. 'ಯುಪಿಎನ್‌ಪಿ' ಎನ್ನುವುದು ಒಳಗಿನ ಸಾಮಾನುಗಳು ನಿಮ್ಮನ್ನು ಕೇಳದೆ ತಾವೇ ಹಿತ್ತಿಲ ಬಾಗಿಲು ತೆಗೆಯಲು ಕೊಟ್ಟ ಸಲುಗೆ, ಅದನ್ನೂ ಆರಿಸಿ. 'ಫೈರ್‌ವಾಲ್' ಅಂತ ಇರುವುದು ಮಾತ್ರ ಉರಿಯುತ್ತಿರಲಿ. 'ಫರ್ಮ್‌ವೇರ್ ಅಪ್‌ಡೇಟ್' ತಾನಾಗೇ ಆಗುವಂತೆ ಬಿಡಿ.

ಈಗ ಯಾರು ಎಲ್ಲಿ ಕೂರಬೇಕು? ನಮ್ಮ ಫೋನುಗಳು, ಮಗಳ ಲ್ಯಾಪ್‌ಟಾಪ್, ಅಂದರೆ ಬ್ಯಾಂಕಿನ ವ್ಯವಹಾರ ಮಾಡುವಂಥವು ನಡುಮನೆಯಲ್ಲಿ. ಕ್ಯಾಮೆರಾ, ನೆಂಟರು, ಪಾಠದ ಮಕ್ಕಳು ಜಗಲಿಯಲ್ಲಿ. ನಡುಮನೆಯಿಂದ ಜಗಲಿಗೆ ಹೋಗಬಹುದು, ಜಗಲಿಯಿಂದ ನಡುಮನೆಗೆ ದಾರಿಯಿಲ್ಲ. ಆದರೆ ಜಗಲಿಯಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡಬಲ್ಲರು ಅನ್ನುವುದು ನೆನಪಿರಲಿ, ಆದ್ದರಿಂದ ಕ್ಯಾಮೆರಾಕ್ಕೆ ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು. ಟಿವಿಯನ್ನು ಜಗಲಿಗೆ ಹಾಕಿದ್ದಕ್ಕೆ ನಮ್ಮನೆಯವರಿಂದ ತಕರಾರು ಬಂತು. ಫೋನಿನ ಯಕ್ಷಗಾನವನ್ನು ಟಿವಿಗೆ ಕಳಿಸಲು ಎರಡೂ ಒಂದೇ ವೈಫೈಯಲ್ಲಿರಬೇಕು. ಎರಡು ದಿನ ಗೊಣಗಾಟ ಕೇಳಿ ಟಿವಿಯನ್ನು ಒಳಗೆ ತಂದುಕೊಂಡೆ. ಕಟ್ಟುನಿಟ್ಟಿನವರು ಒಪ್ಪಲಿಕ್ಕಿಲ್ಲ, ಸಂಸಾರ ನಡೆಯಬೇಕಲ್ಲ!

ಮಲೆನಾಡಿನ ಸೋದರಿಯರಿಗೆ ಒಂದು ಮಾತು. ಗುಡುಗು ಶುರುವಾದರೆ ಎರಡೂ ಪೆಟ್ಟಿಗೆಯ ಪ್ಲಗ್ಗು ಕಿತ್ತಿಡಿ. ಫೈಬರ್ ತಂತಿ ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ, ಕರೆಂಟಿನ ತಂತಿ ಒಯ್ಯುತ್ತದೆ. ಕರೆಂಟು ಹೋದಾಗಲೂ ನಡೆಯಲೆಂದು ಪುಟ್ಟ ಯುಪಿಎಸ್ ಕೊಳ್ಳುವುದಾದರೆ ರೂಟರಿನ ಅಡಾಪ್ಟರಿನ ಮೇಲಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ.

ಇನ್ನು ಪಾಸ್‌ವರ್ಡ್ ಕೇಳಲು ಬರುವವರ ಪ್ರಶ್ನೆ. ಗಂಡಸರಿಗೆ ಇದು ಸುಲಭ, ಅವರು ಮನೆಯಲ್ಲಿರುವುದಿಲ್ಲ. ಬಾಗಿಲಿಗೆ ಬಂದು ನಿಂತವರಿಗೆ ಇಲ್ಲ ಅನ್ನಬೇಕಾದವರು ನಾವು. ನಾನು ಈಗ ಜಗಲಿಯ ಪಾಸ್‌ವರ್ಡನ್ನೂ ನಾಲ್ಕಾರು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ನೆಂಟರಿಗೆ ಕೊಡುತ್ತೇನೆ, ಬೀದಿಗೆ ಕೊಡುವುದಿಲ್ಲ. ಯಾಕೆಂದರೆ ನಿಮ್ಮ ವೈಫೈಯಿಂದ ಯಾರು ಏನು ಮಾಡಿದರೂ ಹೊರಗಿನವರಿಗೆ ಕಾಣುವುದು ನಿಮ್ಮ ಮನೆಯ ವಿಳಾಸ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳ ಹೊತ್ತಿಗೆ ಬಂದ ಬೆದರಿಕೆಯ ಇಮೇಲ್, ನವಿ ಮುಂಬಯಿಯಲ್ಲಿದ್ದ ಒಬ್ಬ ಅಮೆರಿಕನ್ನರ ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಪೊಲೀಸರು ಮೊದಲು ಬಂದದ್ದು ಅವರ ಬಾಗಿಲಿಗೇ. ಎದುರುಮನೆಯವರಿಗೆ ನಾನು ಈ ಕಥೆಯನ್ನೇ ಹೇಳಿದೆ. ಮುಖ ಸ್ವಲ್ಪ ಸಣ್ಣದಾಯಿತು, ಒಂದು ವಾರ ಕರಿಬೇವು ಕೇಳಲು ಬರಲಿಲ್ಲ, ಆಮೇಲೆ ಬಂದರು.

ಮಹಡಿಯ ತಾಯಿ ಮಾತ್ರ ಇನ್ನೂ ಮೊದಲಿನ ಹಾಗೆ ಮಾತಾಡುವುದಿಲ್ಲ. ಬಾಡಿಗೆಯನ್ನು ಮಗಳ ಕೈಲಿ ಕಳಿಸುತ್ತಾರೆ. ನಾನು ಹೋಗಿ ಬಂದು ಮಾಡುತ್ತಿದ್ದೇನೆ, ನೋಡೋಣ.

ಇಷ್ಟೆಲ್ಲ ಮಾಡಿದ ಮೇಲೂ ಈ ಹೊಸ್ತಿಲು ಕಾಯದಿರುವುದು ಕೆಲವಿದೆ. ಮದುವೆಯ ಕರೆಯೋಲೆ ಅಂತ ವಾಟ್ಸ್‌ಆ್ಯಪಿನಲ್ಲಿ ಎಪಿಕೆ ಎಂಬ ಬಾಲವಿರುವ ಕಡತ ಬಂದು, ನೀವೇ ಒತ್ತಿ ಒಳಗೆ ಕರೆದುಕೊಂಡರೆ ಯಾವ ಫೈರ್‌ವಾಲೂ ತಡೆಯಲಾರದು. ಬ್ಯಾಂಕಿನವರು ಅಂತ ಹೇಳಿಕೊಂಡವರಿಗೆ ನೀವೇ ಓಟಿಪಿ ಓದಿ ಹೇಳಿದರೂ ಅಷ್ಟೇ. ಫೋನಿನ ಸ್ವಂತ ಡೇಟಾ ಹಾಕಿಕೊಂಡರೆ ಮನೆಯ ರೂಟರಿಗೆ ಗೊತ್ತೇ ಆಗುವುದಿಲ್ಲ. ದುಡ್ಡು ಹೋಯಿತು ಅಂತ ತಿಳಿದ ಕೂಡಲೇ, ಅಳುತ್ತ ಕೂರದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಉಳಿಯುವ ಸಾಧ್ಯತೆ.

ಕ್ಯಾಮೆರಾ ಏನಾಯಿತು ಅಂತ ಕೇಳುತ್ತೀರಿ. ಈಗ ಅದು ಹೊರಬಾಗಿಲಿಗೆ ಮುಖ ಮಾಡಿದೆ. ಎಷ್ಟು ಬೀಗ ಹಾಕಿದರೂ ಮಲಗುವ ಕೋಣೆಯಲ್ಲಿ ಅದು ಬೇಡ ಅಂತ ಅತ್ತೆ ಹೇಳಿದರು, ಈ ಸಲ ನಾನು ವಾದಿಸಲಿಲ್ಲ. ಅವರ ದಿಂಬಿನ ಪಕ್ಕ ತಂತಿಯಿಲ್ಲದ ಕರೆಗಂಟೆಯ ಗುಂಡಿ ಇಟ್ಟಿದ್ದೇವೆ, ಅದಕ್ಕೆ ಇಂಟರ್‌ನೆಟ್ಟೇ ಬೇಡ. ಬಚ್ಚಲ ದಾರಿಗೆ ರಾತ್ರಿಯಿಡೀ ಉರಿಯುವ ಪುಟ್ಟ ದೀಪ ಹಾಕಿಸಿದೆ. ನಾನು ಹೊರಗೆ ಹೋಗುವಾಗ ಪಕ್ಕದ ಮನೆಯ ಹುಡುಗಿ ಓದುವ ಪುಸ್ತಕ ತಂದು ಅಲ್ಲೇ ಕೂರುತ್ತಾಳೆ. ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತದೆ. ಬಿದ್ದರೆ ಒತ್ತಿ ಅಂದಿದ್ದೆ. ಅತ್ತೆ ಕಾಫಿ ತಡವಾದರೂ ಒತ್ತುತ್ತಾರೆ.

ಮುಂದಿನ ಸಂಚಿಕೆಗೆ ಹಲಸಿನ ಹಪ್ಪಳ. ಹಿಟ್ಟಿಗೆ ಕೊತ್ತಂಬರಿ ಎಷ್ಟು ಅಂತ ಅತ್ತೆಯನ್ನೇ ಕೇಳಿ ಬರೆಯಬೇಕು. ಗಂಟೆ ಆಗುತ್ತಿದೆ, ಬರಲೇ?